ಒಬ್ಬರೇ ಕ್ರೂಸ್ ಹೋಗುವುದಾದರೆ: ಯಾವ ಹಡಗು, ಯಾವ ಕೋಣೆ, ಯಾವ ಮೇಜು

ಸಿಂಗಪುರದಿಂದ ಹಡಗು ಹೊರಟ ಮೊದಲ ರಾತ್ರಿ. ಊಟದ ಸಭಾಂಗಣದ ಬಾಗಿಲಲ್ಲಿದ್ದ ಹುಡುಗ ‘ಎಷ್ಟು ಮಂದಿ?’ ಎಂದು ಕೇಳಿದ. ‘ಒಬ್ಬಳೇ’ ಎಂದೆ. ಕಿಟಕಿಯ ಪಕ್ಕ ಇಬ್ಬರಿಗೆಂದು ಅಣಿಮಾಡಿದ್ದ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸಿದ. ಆಮೇಲೆ ಎದುರಿನ ತಟ್ಟೆ, ಚಾಕು, ಎರಡು ಮುಳ್ಳುಚಮಚ, ಮಡಿಸಿಟ್ಟ ಬಿಳಿ ಕರವಸ್ತ್ರ, ಕೊನೆಗೆ ಗಾಜಿನ ಲೋಟ, ಹೀಗೆ ಒಂದೊಂದಾಗಿ ಎತ್ತಿ ಟ್ರೇಯಲ್ಲಿಟ್ಟುಕೊಂಡ. ಲೋಟ ತಟ್ಟೆಯ ಅಂಚಿಗೆ ತಗುಲಿ ಟಿಂಗ್ ಎಂದಿತು. ಪಕ್ಕದ ಮೇಜಿನವರು ಒಮ್ಮೆ ತಿರುಗಿ ನೋಡಿದರು, ಮತ್ತೆ ತಮ್ಮ ಮಾತಿಗೆ ಮರಳಿದರು. ಆದದ್ದು ಅಷ್ಟೇ. ಆದರೂ ಆ ರಾತ್ರಿ ಸೂಪು ಮುಗಿಸಿ ಎದ್ದುಬಿಟ್ಟೆ.

ಹೊರಡುವ ಮುನ್ನ ಮೂರು ತಿಂಗಳು ವಿಚಾರಿಸಿದ್ದೆ. ದರ ಎಷ್ಟು, ಹೊಟ್ಟೆ ತೊಳಸುತ್ತದೆಯೇ, ಹೆಂಗಸೊಬ್ಬಳು ಹೋದರೆ ಸುರಕ್ಷಿತವೇ ಎಂದೆಲ್ಲ ಕೇಳಿ ತಿಳಿದುಕೊಂಡಿದ್ದೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಆ ಮೇಜಿನ ವಿಷಯವನ್ನು ಯಾರೂ ಹೇಳಿರಲಿಲ್ಲ. ಮರುದಿನ ಸಂಜೆ ಅದೇ ಹುಡುಗನ ಬಳಿ ಹೋಗಿ ‘ಬೇರೆಯವರ ಜೊತೆ ಕೂರುವ ಮೇಜು ಇದೆಯೇ?’ ಎಂದು ಕೇಳಿದೆ. ಇತ್ತು. ಎಂಟು ಜನರ ದುಂಡು ಮೇಜು. ಪೆನಾಂಗಿನ ಒಬ್ಬ ನಿವೃತ್ತ ಶಿಕ್ಷಕಿ, ಪರ್ತ್‌ನಿಂದ ಬಂದ ಅಣ್ಣತಂಗಿ, ಚೆನ್ನೈನ ದಂಪತಿ. ಒಂಬತ್ತೂವರೆಗೆ ದೀಪ ಆರಿಸುವವರೆಗೂ ಮಾತು ಮುಗಿಯಲಿಲ್ಲ. ಉಳಿದ ಮೂರು ರಾತ್ರಿಯೂ ನಾವು ಅಲ್ಲಿಯೇ ಕುಳಿತೆವು.

ಅಂದಿನಿಂದ ‘ಒಬ್ಬರೇ ಹೋಗಬೇಕು, ಯಾವುದು ಒಳ್ಳೆಯದು?’ ಎಂದು ಯಾರು ಕೇಳಿದರೂ ನಾನು ಊರಿನ ಹೆಸರು ಹೇಳುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಸಂಜೆ ಏಳು ಗಂಟೆಗೆ ನಿಮಗೆ ಜನ ಬೇಕೋ, ಬೇಡವೋ? ಒಂಟಿಯಾಗಿ ಇರಲೆಂದೇ ಹೊರಡುವವರಿದ್ದಾರೆ. ಜೊತೆಗೆ ಬರಲು ಯಾರಿಗೂ ರಜೆ ಸಿಗದೆ ಒಬ್ಬರೇ ಹೊರಟವರೂ ಇದ್ದಾರೆ. ಇಬ್ಬರೂ ಸರಿಯೇ, ಆದರೆ ಇಬ್ಬರಿಗೂ ಒಂದೇ ಹಡಗು ಒಗ್ಗುವುದಿಲ್ಲ. ಹಗಲು ಹೇಗೋ ಕಳೆದುಹೋಗುತ್ತದೆ. ಊರು ನೋಡಬಹುದು, ಮೇಲಟ್ಟದಲ್ಲಿ (ಡೆಕ್) ಕುಳಿತು ಓದಬಹುದು. ಪ್ರವಾಸ ನಿಮಗೆ ಹಿಡಿಸುವುದೋ ಇಲ್ಲವೋ ಎಂಬುದು ಸಂಜೆಯ ಮೇಲೆ ನಿಂತಿದೆ. ಕೆಳಗಿನ ಹೋಲಿಕೆಯನ್ನೆಲ್ಲ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಮಾಡಿದ್ದೇನೆ.

ಮೊದಲು ಹಣದ ಲೆಕ್ಕ

ಜಾಹೀರಾತಿನಲ್ಲಿ ‘ಒಬ್ಬರಿಗೆ ಇಷ್ಟು’ ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಆ ‘ಒಬ್ಬರು’ ಎಂದರೆ ಕೋಣೆಯಲ್ಲಿರುವ ಇಬ್ಬರಲ್ಲಿ ಒಬ್ಬರು. ಕ್ರೂಸ್ ಉದ್ಯಮ ನಿಂತಿರುವುದೇ ಕೋಣೆಗೆ ಇಬ್ಬರು ಎಂಬ ಲೆಕ್ಕದ ಮೇಲೆ. ಎರಡನೆಯ ಹಾಸಿಗೆ ಖಾಲಿ ಉಳಿದರೆ ಕಂಪನಿಗೆ ಆ ಟಿಕೆಟ್ಟಿನ ಹಣದ ಜೊತೆಗೆ ಆ ವ್ಯಕ್ತಿ ಹಡಗಿನಲ್ಲಿ ಖರ್ಚು ಮಾಡಬಹುದಾಗಿದ್ದ ಹಣವೂ ಕೈತಪ್ಪುತ್ತದೆ. ಹಾಗಾಗಿ ಒಂಟಿ ಪ್ರಯಾಣಿಕರಿಂದ ಹೆಚ್ಚುವರಿ ಹಣ ಪಡೆಯುತ್ತಾರೆ. ಇದಕ್ಕೆ ಸಿಂಗಲ್ ಸಪ್ಲಿಮೆಂಟ್ ಎನ್ನುತ್ತಾರೆ. ಕೆಲವೊಮ್ಮೆ ಅದು ಶೇಕಡಾ 25, ಕೆಲವೊಮ್ಮೆ 50, ಬಹಳಷ್ಟು ಸಲ ಪೂರ್ತಿ 100. ನೂರು ಎಂದರೆ ಇಬ್ಬರ ದರವನ್ನು ಒಬ್ಬರೇ ಕೊಟ್ಟಂತೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ನಾಲ್ಕು ರಾತ್ರಿಯ ಪ್ರಯಾಣಕ್ಕೆ ಒಬ್ಬರ ದರ 30,000 ರೂಪಾಯಿ, ಬಂದರು ಶುಲ್ಕ ಮತ್ತು ತೆರಿಗೆ 8,000 ಎಂದಿಟ್ಟುಕೊಳ್ಳಿ. ಇಬ್ಬರು ಹೋದರೆ ತಲೆಗೆ 38,000. ನೀವು ಒಬ್ಬರೇ ಹೋಗಿ ಪೂರ್ತಿ ಹೆಚ್ಚುವರಿ ಕೊಟ್ಟರೆ ದರ 60,000, ಶುಲ್ಕ 8,000, ಒಟ್ಟು 68,000. ಶುಲ್ಕ ದುಪ್ಪಟ್ಟಾಗುವುದಿಲ್ಲ ಎಂಬುದನ್ನು ಗಮನಿಸಿ. ಬಂದರು ಶುಲ್ಕ ತಲೆಲೆಕ್ಕದ್ದು. ಹಡಗಿನ ಸಿಬ್ಬಂದಿಗೆ ದಿನಕ್ಕಿಷ್ಟು ಎಂದು ಸೇರಿಸುವ ಟಿಪ್ಸ್ ಕೂಡ ಸಾಮಾನ್ಯವಾಗಿ ತಲೆಲೆಕ್ಕದ್ದೇ. ಇವನ್ನೂ ಎರಡರಿಂದ ಗುಣಿಸಿ ಬಿಲ್ಲು ಕೊಟ್ಟರೆ ಒಪ್ಪಬೇಡಿ, ಬಿಡಿಬಿಡಿಯಾಗಿ ಬರೆದು ಕೊಡಿ ಎಂದು ಕೇಳಿ. ಹೆಚ್ಚುವರಿ ಅರ್ಧವಷ್ಟೇ ಇದ್ದರೆ ಅದೇ ಕೋಣೆ 53,000ಕ್ಕೆ ಸಿಗುತ್ತದೆ. ಅದೇ ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೆಂದೇ ಕಟ್ಟಿದ ಸ್ಟುಡಿಯೊ ಕೋಣೆಯ ದರ 42,000 ಇದ್ದರೆ ಒಟ್ಟು 50,000. ವ್ಯತ್ಯಾಸ ಮೂರು ಸಾವಿರ ಮಾತ್ರ, ಆದರೆ ಸ್ಟುಡಿಯೊ ಕೋಣೆ ಸಾಮಾನ್ಯ ಕೋಣೆಗಿಂತ ಬಹಳ ಚಿಕ್ಕದು. ‘ಒಂಟಿಯವರ ಕೋಣೆ’ ಎಂಬ ಹೆಸರು ಕೇಳಿದೊಡನೆ ಅಗ್ಗ ಎಂದು ತಿಳಿಯಬೇಡಿ. ಎರಡರ ದರವನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಈ ಹೆಚ್ಚುವರಿ ದರ ಸ್ಥಿರವಾದದ್ದಲ್ಲ. ಶಾಲೆಗಳ ರಜೆ, ದೀಪಾವಳಿ, ಕ್ರಿಸ್‌ಮಸ್ ಸಮಯದಲ್ಲಿ ಅದು ಇಳಿಯುವುದೇ ಇಲ್ಲ ಎನ್ನಬಹುದು. ಹಂಗಾಮಿನ ಮೊದಲ ಹಾಗೂ ಕೊನೆಯ ವಾರಗಳಲ್ಲಿ, ವಾರದ ನಡುವೆ ಹೊರಡುವ ಪ್ರಯಾಣಗಳಲ್ಲಿ ಇಳಿಯುತ್ತದೆ. ರಜೆಯನ್ನು ನಿಮಗೆ ಬೇಕಾದಂತೆ ಹಾಕಿಕೊಳ್ಳಬಲ್ಲಿರಾದರೆ ದಿನಾಂಕವನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಎರಡು ಮೂರು ವಾರಗಳ ದರ ಹೋಲಿಸಿ.

ದುಪ್ಪಟ್ಟು ದರ ತಪ್ಪಿಸಿಕೊಳ್ಳಲು ಇನ್ನೊಂದು ದಾರಿ, ಬೆಂಗಳೂರಿನಿಂದ ಗುಂಪು ಪ್ರವಾಸ ಕರೆದೊಯ್ಯುವವರ ಜೊತೆ ಹೋಗುವುದು. ಅವರು ಅದೇ ಗುಂಪಿನ ಇನ್ನೊಬ್ಬ ಒಂಟಿ ಹೆಂಗಸನ್ನೋ ಗಂಡಸನ್ನೋ ನಿಮ್ಮ ಕೋಣೆಗೆ ಜೋಡಿಸುತ್ತಾರೆ. ವೀಸಾ, ವಿಮಾನ, ಬಂದರಿನವರೆಗಿನ ಬಸ್ಸು ಎಲ್ಲವೂ ಅವರ ಹೊಣೆ. ವಿದೇಶಕ್ಕೆ ಇದೇ ಮೊದಲ ಸಲ ಹೋಗುವವರಿಗೆ ಇದು ದೊಡ್ಡ ಆಸರೆ. ಆದರೆ ನಿಮ್ಮ ದಿನ ನಿಮ್ಮದಾಗಿರುವುದಿಲ್ಲ. ಎಂಟಕ್ಕೆ ಎಂದರೆ ಎಂಟಕ್ಕೆ ಕೆಳಗಿರಬೇಕು. ಅಪರಿಚಿತರ ಜೊತೆ ಕೋಣೆ ಹಂಚಿಕೊಂಡರೆ ನಿದ್ದೆ ಬರುವುದಿಲ್ಲ ಎನ್ನುವವರು ಈ ಉಳಿತಾಯದ ಆಸೆಗೆ ಬೀಳಬಾರದು. ಕ್ರೂಸ್‌ನಲ್ಲಿ ನಿಮಗೆಂದು ಇರುವ ಏಕಾಂತದ ಜಾಗ ಆ ಕೋಣೆ ಒಂದೇ.

ಮುಂಬಯಿಯಿಂದ: ಹತ್ತಿರ, ಸುಲಭ, ಗದ್ದಲ

ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರತಿ ಹಂಗಾಮಿನಲ್ಲೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಪ್ರವಾಸಿಗಳು ಕದ್ರಿ, ಕುದ್ರೋಳಿ, ಮೂಡುಬಿದಿರೆ ಸುತ್ತಿ ಸಂಜೆಗೆ ಹಡಗು ಸೇರುತ್ತಾರೆ. ಅವು ಬಂದು ಹೋಗುವ ಹಡಗುಗಳು, ನಮಗೆ ಹತ್ತಲು ಸಿಗುವವಲ್ಲ. ಮಂಜಿಯಲ್ಲಿ, ಉಗಿಹಡಗಿನಲ್ಲಿ ಮುಂಬಯಿಗೆ ಹೋಗಿ ಬರುತ್ತಿದ್ದವರ ಕರಾವಳಿಯಲ್ಲಿ ಹುಟ್ಟಿ, ಇಂದು ಕ್ರೂಸ್ ಹತ್ತಬೇಕೆಂದರೆ ಮುಂಬಯಿಗೋ ಕೊಚ್ಚಿಗೋ ಚೆನ್ನೈಗೋ ಹೋಗಬೇಕು ಎನ್ನುವುದು ನನಗೆ ನೋವಿನ ಸಂಗತಿ.

ಮುಂಬಯಿಯಿಂದ ಹೊರಡುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಓಡುತ್ತಿದೆ. ಹಡಗು ಹೊಸದಲ್ಲ, 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಸೇವೆಗೆ ಬಂದದ್ದು, ಉದ್ದ 211 ಮೀಟರ್. ಗೋವಾಕ್ಕೆ ಹೋಗಿಬರುವ ಎರಡು ರಾತ್ರಿಯ ಪ್ರಯಾಣ, ಲಕ್ಷದ್ವೀಪಕ್ಕೆ ಹೋಗಿಬರುವ ಇನ್ನಷ್ಟು ದೀರ್ಘ ಪ್ರಯಾಣ ಇದರಲ್ಲಿವೆ. ವೀಸಾ ಬೇಡ, ರೂಪಾಯಿಯಲ್ಲೇ ಖರ್ಚು, ಸಸ್ಯಾಹಾರಕ್ಕೂ ಜೈನ ಊಟಕ್ಕೂ ಕೊರತೆಯಿಲ್ಲ. ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದಿಂದ ಅಷ್ಟೇನೂ ದೂರವಿಲ್ಲ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಒಂದು ದಿನ ಮೊದಲೇ ಮುಂಬಯಿ ಸೇರಬಹುದು.

‘ಕಡಲು ನನಗೆ ಒಗ್ಗುತ್ತದೆಯೇ?’ ಎಂದು ಅಳೆದು ನೋಡಬೇಕಾದರೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿಯಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅರಬ್ಬೀ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆದರೆ ಗೆಳೆಯರ ತಂಡ, ಮದುವೆಯ ಬಳಗ, ಕಚೇರಿಯ ಸಹೋದ್ಯೋಗಿಗಳು ಸೇರಿ ಎರಡು ದಿನ ಸಂಭ್ರಮಿಸಲು ಬರುವ ಹಡಗಿದು. ವಾರಾಂತ್ಯದ ಪ್ರಯಾಣದಲ್ಲಿ ಎಲ್ಲರೂ ತಮ್ಮ ತಮ್ಮ ಗುಂಪಿನೊಳಗೇ ಇರುತ್ತಾರೆ. ಹೊಸಬರ ಪರಿಚಯ ಬೆಳೆಯಲು ಎರಡು ರಾತ್ರಿ ಸಾಲದು, ಏಕಾಂತ ಬೇಕೆಂದರೆ ಸಂಗೀತದ ಸದ್ದು ಬಿಡುವುದಿಲ್ಲ. ಒಬ್ಬರೇ ಹೋಗುವವರು ಗೋವಾ ಬಿಟ್ಟು ಲಕ್ಷದ್ವೀಪದ ಪ್ರಯಾಣ ಆರಿಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಅಲ್ಲಿಗೆ ಬರುವವರು ಕಡಲು ನೋಡಲು ಬಂದವರು. ಅಲ್ಲಿ ಹವಳದ ದಿಬ್ಬಗಳಿರುವುದರಿಂದ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಚಿಕ್ಕ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಗಾಳಿ ಜೋರಾದರೆ ಇಳಿಯುವುದು ರದ್ದಾಗುತ್ತದೆ ಎಂಬುದಕ್ಕೂ ಮನಸ್ಸು ಸಿದ್ಧವಿರಲಿ.

ಇದೇ ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಸರಕಾರಿ ಹಡಗುಗಳೂ ಇವೆ. ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಸಂಸ್ಥೆ ನಡೆಸುವ ಸಮುದ್ರಂ ಪ್ರವಾಸದಲ್ಲಿ ಎಂ.ವಿ. ಕವರತ್ತಿ ಹಡಗು ಐದು ದಿನಗಳಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ತೋರಿಸಿ ತರುತ್ತದೆ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಕ್ರೂಸ್ ಹಡಗಿನ ಬಗೆಯ ಮನರಂಜನೆ ಇಲ್ಲ. ಆದರೆ ಇಲ್ಲಿ ನೀವು ಕೊಳ್ಳುವುದು ರೈಲಿನ ಹಾಗೆ ಒಂದು ಬರ್ತ್, ಆದ್ದರಿಂದ ದುಪ್ಪಟ್ಟು ದರದ ಮಾತೇ ಬರುವುದಿಲ್ಲ. ಕೋಣೆಯಲ್ಲಿ ಬೇರೆಯವರೂ ಇರುತ್ತಾರೆ, ಅಷ್ಟೇ. ದ್ವೀಪಕ್ಕೆ ಕಾಲಿಡಲು ಪ್ರವೇಶ ಪರವಾನಗಿ ಬೇಕು, ಹಾಗಾಗಿ ಬಹಳ ಮುಂಚೆಯೇ ಕಾದಿರಿಸಬೇಕು. ಚೆನ್ನೈನಿಂದ ಅಂಡಮಾನಿಗೆ ಹೋಗುವ ಹಡಗುಗಳೂ ಇದೇ ಬಗೆಯವು, ಸುಮಾರು 60 ಗಂಟೆಯ ಹಾದಿ. ಅವು ದ್ವೀಪದ ಜನ ಊರಿಗೆ ಹೋಗಿಬರುವ ಹಡಗುಗಳು. ಕ್ರೂಸ್ ಎಂದುಕೊಂಡು ಹತ್ತಬಾರದು. ವಾರಾಣಸಿಯಿಂದ ದಿಬ್ರುಗಢಕ್ಕೆ 51 ದಿನಗಳ, 3,200 ಕಿಲೋಮೀಟರಿನ ಗಂಗಾ ವಿಲಾಸ್ ನದಿಪ್ರವಾಸದ ಹೆಸರನ್ನೂ ಕೇಳಿರುತ್ತೀರಿ. ಮೊದಲ ಸಲ ಒಬ್ಬರೇ ಹೊರಟವರಿಗೆ ಅದನ್ನು ಹೇಳುವುದು ಸರಿಯಲ್ಲ.

ಸಿಂಗಪುರದಿಂದ: ಮೊದಲ ಸಲಕ್ಕೆ ನನ್ನ ಆಯ್ಕೆ

ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ವಿಮಾನ, ಎರಡೂವರೆ ಗಂಟೆಯ ಸಮಯ ವ್ಯತ್ಯಾಸ, ರಾತ್ರಿ ಹತ್ತಕ್ಕೂ ಹೆಂಗಸೊಬ್ಬಳು ನಿಶ್ಚಿಂತೆಯಿಂದ ಮೆಟ್ರೊ ಹತ್ತಬಹುದಾದ ಊರು. ಪ್ರಯಾಣಗಳು ಮೂರು, ನಾಲ್ಕು ರಾತ್ರಿಯವು. ಪೆನಾಂಗ್, ಪೋರ್ಟ್ ಕ್ಲಾಂಗ್, ಫುಕೆಟ್ ಮುಂತಾದ ಬಂದರುಗಳು. ನಾಲ್ಕು ರಾತ್ರಿ ಎಂಬುದು ಸರಿಯಾದ ಅಳತೆ ಎಂದು ನನ್ನ ನಂಬಿಕೆ. ಮೊದಲ ರಾತ್ರಿ ಮುಜುಗರ, ಎರಡನೆಯ ರಾತ್ರಿ ಮುಖ ಪರಿಚಯ, ಮೂರನೆಯ ರಾತ್ರಿ ಹೆಸರು ಹಿಡಿದು ಕರೆಯುವವರು ಸಿಗುತ್ತಾರೆ. ಹಿಡಿಸದಿದ್ದರೂ ನಾಲ್ಕು ರಾತ್ರಿ ತಡೆದುಕೊಳ್ಳಬಹುದು.

ಇಲ್ಲಿಂದ ಓಡುವ ಗೆಂಟಿಂಗ್ ಡ್ರೀಮ್ 2016ರ ಹಡಗು, ಸುಮಾರು 335 ಮೀಟರ್ ಉದ್ದ. ಭಾರತೀಯ ಪ್ರವಾಸಿಗಳು ಹೆಚ್ಚು ಬರುವುದರಿಂದ ನಮ್ಮ ಸಸ್ಯಾಹಾರವೂ ಜೈನ ಊಟವೂ ದೊರೆಯುತ್ತವೆ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳೂ ಹಂಗಾಮಿನಲ್ಲಿ ಇಲ್ಲಿಂದ ಹೊರಡುತ್ತವೆ. 2014ರಲ್ಲಿ ಬಂದ ಅವರ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೆಂದೇ ಸ್ಟುಡಿಯೊ ಕೋಣೆಗಳಿದ್ದವು, ಅವುಗಳಲ್ಲಿ ಕೆಲವಕ್ಕೆ ಬಾಲ್ಕನಿಯೂ ಇತ್ತು. ನೀವು ಹೋಗುವ ತಿಂಗಳಲ್ಲಿ ಯಾವ ಹಡಗು ಬಂದಿದೆ, ಅದರಲ್ಲಿ ಸ್ಟುಡಿಯೊ ಇದೆಯೇ ಎಂದು ಕೇಳಿ. ಇವು ಕೆಲವೇ ಕೆಲವು ಇರುವುದರಿಂದ ಬೇಗ ಮುಗಿದುಹೋಗುತ್ತವೆ.

ವೀಸಾ ವಿಷಯದಲ್ಲಿ ಒಂದು ಎಚ್ಚರ. ಹಡಗು ಸಿಂಗಪುರ ಬಿಟ್ಟು ಮಲೇಷ್ಯಾಕ್ಕೆ ಹೋಗಿ ಮರಳಿದಾಗ ನೀವು ಸಿಂಗಪುರವನ್ನು ಎರಡನೆಯ ಸಲ ಪ್ರವೇಶಿಸಿದಂತೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅವಕಾಶವಿರುವ ವೀಸಾ ಬೇಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ವಿನಾಯಿತಿ ನೀಡಿದೆ. ಇಂಥ ವಿನಾಯಿತಿಗಳಿಗೆ ಅವಧಿ ಇರುತ್ತದೆ, ಟಿಕೆಟ್ ಕೊಳ್ಳುವ ದಿನವೇ ಮತ್ತೊಮ್ಮೆ ನೋಡಿಕೊಳ್ಳಿ.

ದೊಡ್ಡ ಹಡಗು, ಏಳು ರಾತ್ರಿ

ಒಂಟಿ ಪ್ರಯಾಣಿಕರನ್ನು ಹೆಸರು ಹಿಡಿದು ಕರೆದ ಮೊದಲಿಗರಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಮುಖ್ಯವಾದುದು. 2010ರಲ್ಲಿ ಬಂದ ಅವರ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ 128 ಸ್ಟುಡಿಯೊ ಕೋಣೆಗಳನ್ನು ಕಟ್ಟಿದರು. ತಲಾ ನೂರು ಚದರ ಅಡಿ, ಎಂದರೆ ಹತ್ತಡಿಗೆ ಹತ್ತಡಿ. ಹೊರಗಿನ ಕಿಟಕಿಯಿಲ್ಲ. ಆದರೆ ಆ ಕೋಣೆಗಳವರಿಗೆ ಮಾತ್ರ ತೆರೆಯುವ ಒಂದು ಬೈಠಕ್ ಕೋಣೆ ಇದೆ. ಸಂಜೆ ಅಲ್ಲಿ ಸೇರಿ, ಇವತ್ತು ಯಾರು ಯಾರು ಒಟ್ಟಿಗೆ ಊಟಕ್ಕೆ ಹೋಗೋಣ ಎಂದು ಗೊತ್ತುಮಾಡಿಕೊಳ್ಳುತ್ತಾರೆ. ನನ್ನ ಆ ಮೊದಲ ರಾತ್ರಿಯ ಮೇಜಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿಲ್ಲ. ಸಂಜೆಗೆ ಜನ ಬೇಕು ಎನ್ನುವವರು ಕೋಣೆಯ ಅಳತೆಗಿಂತ ಈ ಬೈಠಕ್ ಇದೆಯೇ ಎಂದು ನೋಡಬೇಕು. ಇಂಥದ್ದು ಇಲ್ಲದ ದೊಡ್ಡ ಹಡಗುಗಳಲ್ಲೂ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ‘ಒಂಟಿ ಪ್ರಯಾಣಿಕರ ಭೇಟಿ’ ಎಂದು ಒಂದು ಸಾಲು ಹಲವು ಸಲ ಇರುತ್ತದೆ. ಮೊದಲ ದಿನದ ಭೇಟಿಗೇ ಹೋಗಿ. ಮೂರನೆಯ ದಿನ ಹೋದರೆ ಗುಂಪುಗಳು ಆಗಿಬಿಟ್ಟಿರುತ್ತವೆ.

ಮೆಡಿಟರೇನಿಯನ್ ಕಡೆಯ ಪ್ರಯಾಣದಲ್ಲಿ ದಿನಕ್ಕೊಂದು ಬಂದರು. ನೋಡುವುದಕ್ಕೆ ಅಪಾರ, ದಣಿವೂ ಅಷ್ಟೇ. ರೋಮ್ ಎಂದು ಪಟ್ಟಿಯಲ್ಲಿ ಬರೆದಿದ್ದರೂ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ, ರೋಮ್‌ಗೆ ಅಲ್ಲಿಂದ ಸುಮಾರು 80 ಕಿಲೋಮೀಟರ್. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಬೇಕು. ಹಾದಿಯಲ್ಲಿ ಟರ್ಕಿಯಂಥ ಹೊರಗಿನ ದೇಶ ಬಂದರೆ ಮರುಪ್ರವೇಶಕ್ಕೂ ಅವಕಾಶವಿರುವ ವೀಸಾವೇ ಆಗಬೇಕು.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ತಾಯಂದಿರು ಬಹಳ ಮಂದಿ ಅಲಾಸ್ಕಾ ಕ್ರೂಸ್ ಬಗ್ಗೆ ಕೇಳುತ್ತಾರೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಹಂಗಾಮು, ಹಿಮನದಿ, ತಿಮಿಂಗಿಲ. ಹಡಗಿನ ಒಳಗಿದ್ದುಕೊಂಡೇ ಬಹಳಷ್ಟು ನೋಡಬಹುದಾದ್ದರಿಂದ ಒಂಟಿಯವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳಿದರೂ ನಡುವೆ ಕೆನಡಾದ ಒಂದು ಬಂದರು ಇರುತ್ತದೆ. ಅದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾನೂನು. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಹೀಗಾಗಿ ಅಮೆರಿಕದ ವೀಸಾ ಜೊತೆಗೆ ಕೆನಡಾದ ವೀಸಾವೂ ಕೈಯಲ್ಲಿರಬೇಕು. ಬಂದರಿಗೆ ಹೋದ ಮೇಲೆ ಇದು ಗೊತ್ತಾದರೆ ಹಡಗು ಹತ್ತಲು ಬಿಡುವುದಿಲ್ಲ, ಹಣವೂ ಮರಳುವುದಿಲ್ಲ.

ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಏಳು ರಾತ್ರಿ ಸಾಗುವ ಕ್ವೀನ್ ಮೇರಿ 2 ಬೇರೆಯೇ ಮನೋಧರ್ಮದ ಹಡಗು. ನಡುವೆ ಒಂದೂ ಬಂದರಿಲ್ಲ, ಬರಿಯ ಅಟ್ಲಾಂಟಿಕ್. 2016ರ ನವೀಕರಣದಲ್ಲಿ ಒಬ್ಬರ ಕೋಣೆಗಳನ್ನು ಹದಿನೈದು ಸೇರಿಸಿದರು. ದೊಡ್ಡ ಗ್ರಂಥಾಲಯವಿದೆ, ಉಪನ್ಯಾಸಗಳಿವೆ, ಒಂಟಿಯಾಗಿ ಬಂದವರ ಜೊತೆ ನರ್ತಿಸಲೆಂದೇ ನೇಮಿಸಿದ ಸಂಗಾತಿಗಳೂ ಇದ್ದಾರೆ. ಪಶ್ಚಿಮಕ್ಕೆ ಸಾಗುವಾಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗುವುದರಿಂದ ಐದು ದಿನಗಳಿಗೆ ತಲಾ 25 ಗಂಟೆ ಸಿಗುತ್ತದೆ. ಓದುವ ಹುಚ್ಚಿನವರಿಗೆ ಇದೊಂದು ವರ. ಓದದವರಿಗೆ ಏಳು ದಿನ ಬಹಳ ದೀರ್ಘ.

ನಾರ್ವೆಯ ಕರಾವಳಿ: ಏಕಾಂತ ಬೇಕಾದವರಿಗೆ

ಇದರ ಬಗ್ಗೆ ನನಗೆ ಹೇಳಿದಷ್ಟೂ ಮುಗಿಯುವುದಿಲ್ಲ. ಬರ್ಗೆನ್‌ನಿಂದ ರಷ್ಯಾದ ಗಡಿಯ ಹತ್ತಿರದ ಕಿರ್ಕೆನೆಸ್‌ವರೆಗೆ ಸಾಗುವ ಹುರ್ಟಿರುಟೆನ್ ಹಡಗುಗಳು 1893ರಲ್ಲಿ ಅಂಚೆ ಮತ್ತು ಸರಕು ಸಾಗಿಸಲೆಂದು ಶುರುವಾದವು. ಇಂದು ಹಾವಿಲಾ ಎಂಬ ಇನ್ನೊಂದು ಕಂಪನಿಯೂ ಅದೇ ದಾರಿಯಲ್ಲಿದೆ. ದಾರಿಯುದ್ದಕ್ಕೂ 34 ಬಂದರುಗಳು. ಹೋಗಿಬರಲು ಹನ್ನೆರಡು ದಿನ, ಉತ್ತರಕ್ಕೆ ಮಾತ್ರ ಹೋದರೆ ಆರು ರಾತ್ರಿ. ಕ್ಯಾಸಿನೊ ಇಲ್ಲ, ವೇದಿಕೆಯ ಕುಣಿತವಿಲ್ಲ. ಪ್ರಯಾಣಿಕರು ಕೆಲವು ನೂರು ಮಂದಿ, ಅವರಲ್ಲಿ ಒಂದು ಊರಿಂದ ಮುಂದಿನ ಊರಿಗೆ ಹೋಗುವ ಸ್ಥಳೀಯರೂ ಇರುತ್ತಾರೆ.

ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗಿ ಮೇಲೆ ಬಂದೆ. ಹಡಗು ಒಂದು ಚಿಕ್ಕ ಬಂದರಿನಲ್ಲಿ ನಿಂತಿತ್ತು. ಪಕ್ಕದ ಬಾಗಿಲು ತೆರೆದು ಫೋರ್ಕ್‌ಲಿಫ್ಟ್ ಒಂದು ಪೆಟ್ಟಿಗೆಗಳನ್ನು ಇಳಿಸುತ್ತಿತ್ತು. ಕೈಯಲ್ಲಿ ಎರಡು ಚೀಲ ಹಿಡಿದ ಅಜ್ಜಿಯೊಬ್ಬರು ಮೆಲ್ಲಗೆ ಇಳಿದರು. ದಡದಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ ಹುಡುಗ ಚೀಲಗಳನ್ನು ತೆಗೆದುಕೊಂಡ. ಮಂಗಳೂರಿಗೆ ಹೋಗುವ ರಾತ್ರಿ ಬಸ್ಸು ಹಾಸನದಲ್ಲಿ ನಿಂತಾಗ ನೋಡುವ ನೋಟವೇ. ಹದಿನೈದು ನಿಮಿಷದಲ್ಲಿ ಹಗ್ಗ ಬಿಚ್ಚಿದರು. ಆ ಹೊತ್ತಿನಲ್ಲಿ ಮೇಲೆ ನಿಂತಿದ್ದವರು ನಾವು ನಾಲ್ಕೈದು ಮಂದಿ, ಹೆಚ್ಚಿನವರು ಒಬ್ಬೊಬ್ಬರೇ ಬಂದವರು. ಯಾರೂ ಮಾತಾಡಲಿಲ್ಲ, ಯಾರಿಗೂ ಮಾತು ಬೇಕಾಗಿರಲಿಲ್ಲ. ಒಂಟಿಯಾಗಿರುವುದು ಅಲ್ಲಿ ಯಾರ ಕಣ್ಣಿಗೂ ವಿಶೇಷವಲ್ಲ.

ಖರ್ಚು ಹೆಚ್ಚು. ವಿಮಾನವೇ ದುಬಾರಿ, ನಾರ್ವೆಯಲ್ಲಿ ಒಂದು ಕಾಫಿಗೂ ಕೈ ಬಿಗಿಹಿಡಿಯಬೇಕು. ಊಟದಲ್ಲಿ ಮೀನಿಗೆ ಮೊದಲ ಸ್ಥಾನ. ಸಸ್ಯಾಹಾರಿಗಳು ಕಾದಿರಿಸುವಾಗಲೇ ಬರೆದು ತಿಳಿಸಬೇಕು. ಚಳಿಗಾಲದಲ್ಲಿ ಉತ್ತರದ ಬೆಳಕು ಕಾಣುವ ಅವಕಾಶವಿದೆ, ಆದರೆ ತೆರೆದ ಕಡಲಿನ ಭಾಗಗಳಲ್ಲಿ ಹಡಗು ಚೆನ್ನಾಗಿಯೇ ಓಲಾಡುತ್ತದೆ. ಉತ್ತರ ತುದಿಯಲ್ಲಿ ಮೇ ನಡುವಿನಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ. ಮೊದಲ ಸಲಕ್ಕೆ ಬೇಸಿಗೆ, ಉತ್ತರಕ್ಕೆ ಮಾತ್ರ, ಕಿರ್ಕೆನೆಸ್‌ನಿಂದ ಆಸ್ಲೊಗೆ ವಿಮಾನ, ಹೀಗೆ ಯೋಜಿಸಿಕೊಳ್ಳಿ. ಒಂದೇ ದೇಶವಾದ್ದರಿಂದ ವೀಸಾ ಗೋಜಲೂ ಕಡಿಮೆ.

ಕೋಣೆ ಆರಿಸುವಾಗ

ನನ್ನ ಮೊದಲ ಪ್ರಯಾಣದಲ್ಲಿ ಬೆಂಗಳೂರಿನ ಏಜೆಂಟರೊಬ್ಬರು ‘ಗ್ಯಾರಂಟಿ ಕೋಣೆ, ಅಗ್ಗ’ ಎಂದು ಕಾದಿರಿಸಿದ್ದರು. ಗ್ಯಾರಂಟಿ ಎಂದರೆ ಕೋಣೆ ಸಿಗುವುದು ಖಚಿತ, ಯಾವ ಕೋಣೆ ಎಂಬುದನ್ನು ಮಾತ್ರ ಕಂಪನಿ ನಿರ್ಧರಿಸುತ್ತದೆ. ಇದನ್ನು ಅವರು ಬಿಡಿಸಿ ಹೇಳಲಿಲ್ಲ. ನನಗೆ ಸಿಕ್ಕಿದ್ದು ಈಜುಕೊಳದ ಅಟ್ಟದ ನೇರ ಕೆಳಗಿನ ಕೋಣೆ. ಬೆಳಗಿನ ಐದಕ್ಕೆ ಕುರ್ಚಿ ಎಳೆಯುವ ಸದ್ದು ತಲೆಯ ಮೇಲೆ. ಮೇಲೂ ಕೆಳಗೂ ಕೋಣೆಗಳೇ ಇರುವ ಅಟ್ಟದಲ್ಲಿ ಕೋಣೆ ಆರಿಸಿಕೊಳ್ಳಿ, ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೊಟ್ಟೆ ತೊಳಸುವ ಭಯವಿದ್ದರೆ ಹಡಗಿನ ನಡುಭಾಗ, ಕೆಳಗಿನ ಅಟ್ಟ. ತೊಟ್ಟಿಲಿನ ಹಾಗೆ ಓಲಾಟ ತುದಿಗಳಲ್ಲಿ ಹೆಚ್ಚು, ನಡುವೆ ಕಡಿಮೆ.

ಒಳಕೋಣೆ ಮತ್ತು ಬಾಲ್ಕನಿ ಕೋಣೆಯ ನಡುವೆ ಒಂಟಿಯವರು ಹೇಗೆ ಆರಿಸಬೇಕು? ಒಳಕೋಣೆಯಲ್ಲಿ ದೀಪ ಆರಿಸಿದರೆ ಗವ್ವೆನ್ನುವ ಕತ್ತಲು, ಬೆಳಗಾದದ್ದೂ ತಿಳಿಯುವುದಿಲ್ಲ. ಜೊತೆಗೆ ಉಸಿರಾಡುವ ಇನ್ನೊಬ್ಬರಿಲ್ಲದಾಗ ಆ ಕತ್ತಲು ಕೆಲವರಿಗೆ ಭಾರವೆನಿಸುತ್ತದೆ. ಹಲವು ಹಡಗುಗಳ ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಇರುತ್ತದೆ. ಅದನ್ನು ಸದ್ದಿಲ್ಲದೆ ಹಚ್ಚಿಟ್ಟು ಮಲಗಿ, ಹೊರಗೆ ಬೆಳಕಾಗುತ್ತಿದ್ದಂತೆ ಕೋಣೆಯಲ್ಲೂ ಬೆಳಕಾಗುತ್ತದೆ. ಜನ ಬೇಕೆನ್ನುವವರಿಗೆ ಒಳಕೋಣೆ ಸಾಕು, ಅವರು ಕೋಣೆಗೆ ಬರುವುದು ನಿದ್ದೆಗೆ ಮಾತ್ರ. ಏಕಾಂತಕ್ಕೆ ಹೊರಟವರು ಇತರ ಖರ್ಚು ಕಡಿತ ಮಾಡಿ ಬಾಲ್ಕನಿಯನ್ನೇ ತೆಗೆದುಕೊಳ್ಳಲಿ. ಬೆಳಗಿನ ಚಹಾ ಹಿಡಿದು ಯಾರಿಗೂ ಮುಖ ತೋರಿಸದೆ ಕಡಲ ಮುಂದೆ ಕೂರುವುದಕ್ಕೇ ಅವರು ಬಂದಿರುವುದು.

ದಡ, ಸುರಕ್ಷತೆ, ಊರಿನವರು

ಬಂದರಿನಲ್ಲಿ ಇಳಿದಾಗ ಹಡಗಿನವರ ಪ್ರವಾಸಕ್ಕೆ ಹೋಗಬೇಕೋ ಸ್ವಂತ ತಿರುಗಬೇಕೋ? ಹಡಗಿನ ಬಸ್ಸು ದುಬಾರಿ. ಆದರೆ ಅದು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಸ್ವಂತ ಹೋಗಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಇಬ್ಬರಿದ್ದರೆ ಒಬ್ಬರಾದರೂ ಗಡಿಯಾರ ನೋಡುತ್ತಾರೆ. ಒಬ್ಬರೇ ಇರುವಾಗ ಆ ಎಚ್ಚರ ನಿಮ್ಮದೊಬ್ಬರದೇ. ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಸ್ವಂತ, ರೋಮ್‌ನಷ್ಟು ದೂರವಿದ್ದರೆ ಹಡಗಿನ ಬಸ್ಸು. ನಾನು ಇಟ್ಟುಕೊಂಡಿರುವ ಕಟ್ಟುನಿಟ್ಟು ಇದು. ಕೈಗಡಿಯಾರ ಹಡಗಿನ ಸಮಯಕ್ಕೇ ಇರಲಿ.

ಹಡಗಿನೊಳಗೆ ಒಬ್ಬಳೇ ಹೆಂಗಸಿಗೆ ಭಯವೇ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲೆಡೆ ಕ್ಯಾಮೆರಾ, ಎಲ್ಲರ ಗುರುತಿನ ಕಾರ್ಡು. ಅಪರಿಚಿತ ಊರಿನ ಹೋಟೆಲಿಗಿಂತ ನನಗೆ ಹಡಗೇ ನಿರಾಳ ಎನಿಸಿದೆ. ಆದರೂ ಹೊಸ ಪರಿಚಯದವರಿಗೆ ಕೋಣೆಯ ಸಂಖ್ಯೆ ಹೇಳಬೇಡಿ, ಒಳಗಿನ ಚಿಲಕ ಹಾಕಿಯೇ ಮಲಗಿ. ಹೊರಡುವ ಮುನ್ನ ನಡೆಯುವ ತುರ್ತು ತಾಲೀಮನ್ನು ಮನಸ್ಸಿಟ್ಟು ನೋಡಿ. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿಗೆ ಹೋಗಬೇಕೆಂದು ಒಮ್ಮೆ ನಡೆದು ನೋಡಿಕೊಳ್ಳಿ. ಹಡಗಿನ ವೈದ್ಯರ ಶುಲ್ಕ ಬಹಳ ಹೆಚ್ಚು. ಕ್ರೂಸ್‌ಗೂ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವುದಕ್ಕೂ ಅನ್ವಯಿಸುವ ವಿಮೆ ಮಾಡಿಸಿ.

ಬಂದರಿನ ಊರಿಗೆ ಒಂದು ದಿನ ಮೊದಲೇ ತಲುಪಿ. ಹಡಗಿನ ಹೆಸರು, ಕೋಣೆಯ ಸಂಖ್ಯೆ, ಪ್ರತಿ ಬಂದರಿನ ದಿನಾಂಕ, ವಿಮೆಯ ದಾಖಲೆ, ಪಾಸ್‌ಪೋರ್ಟಿನ ಚಿತ್ರ, ಇಷ್ಟನ್ನೂ ಮನೆಯ ಒಬ್ಬರಿಗೆ ಕಳಿಸಿ. ನಡುಗಡಲಿನಲ್ಲಿ ಫೋನ್ ಹೋಗುವುದಿಲ್ಲ, ಗಾಬರಿಯಾಗಬೇಡಿ, ಇಂಥ ದಿನ ಇಂಥ ಬಂದರಿನಿಂದ ಕರೆ ಮಾಡುತ್ತೇನೆ ಎಂದು ಹೇಳಿಬಿಡಿ. ನನ್ನ ತಾಯಿ ಆ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡು ಪ್ರತಿ ಬಂದರಿನ ಮುಂದೆ ಗೀಟು ಹಾಕುತ್ತಿದ್ದರು. ಹಡಗು ದಡ ಬಿಡುವ ಮುನ್ನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲವಾದರೆ ಕಡಲಿನ ರೋಮಿಂಗ್ ಶುಲ್ಕ ಒಂದೇ ರಾತ್ರಿಯಲ್ಲಿ ಸಾವಿರಗಟ್ಟಲೆ ಏರುತ್ತದೆ.